ನಲವತ್ತೊಂದನೆಯ ಸಾಲು

ಸತ್ತವರು ಹೀಗೆ ಬಂದರು, ಹಾಗೆ ಮಾತಾಡಿದರು ಎಂದು ಯಾರಾದರೂ ಹೇಳತೊಡಗಿದರೆ ನಾನು ಮಾತು ಬದಲಿಸುತ್ತಿದ್ದೆ. ಈಗ ನಾನೇ ಹೇಳಬೇಕಾಗಿ ಬಂದಿದೆ. ನೀವು ನಂಬಲೇಬೇಕೆಂದಿಲ್ಲ.

ವಿಶಾಖಪಟ್ಟಣದ ಮಧುರವಾಡದಲ್ಲಿ, ಒಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ನನ್ನ ಕೆಲಸ. ಲಕ್ಷಗಟ್ಟಲೆ ದಾಖಲೆಗಳಿಂದ ಬೇಕಾದವನ್ನಷ್ಟೇ ಹೆಕ್ಕಲು ಷರತ್ತು ಬರೆಯುತ್ತೇನೆ. ಷರತ್ತಿಗೆ ಹೊಂದಿದ ಹೆಸರು ಬರುತ್ತದೆ, ಹೊಂದದ್ದು ಬರುವುದಿಲ್ಲ.

ಅಕ್ಕ ಮದುವೆಯಾಗಿ ವಿಜಯವಾಡದಲ್ಲಿದ್ದಳು. ಭಾವ ತೀರಿಕೊಂಡ ಮೇಲೂ ಗವರ್ನರ್‌ಪೇಟೆಯ ಮನೆ ಬಿಡಲಿಲ್ಲ. ಕಾಯಿಲೆ ಬಿದ್ದಾಗ ಅಲ್ಲಿನ ನಮ್ಮ ಶಾಖೆಯಲ್ಲೇ ಸೇರಿಸಿದೆ. ಫಾರಂ ತುಂಬಿದವಳು ನಾನೇ. ನಮ್ಮ ಮನೆಮಾತು ಕನ್ನಡವಾದರೂ ಭಾಷೆ ಎಂಬಲ್ಲಿ ತೆಲುಗು ಎಂದು ಬರೆದೆ, ಫೋನ್ ನಂಬರ್ ನನ್ನದು ಕೊಟ್ಟೆ. ಕೆಲಸವಿದೆಯೆಂದು ಮರಳಿ ಬಂದೆ. ಕೊನೆಯ ಎರಡು ದಿನ ಅಕ್ಕನಿಗೆ ತೆಲುಗು ಮರೆತೇ ಹೋಗಿತ್ತಂತೆ. ಕನ್ನಡದಲ್ಲಿ ಏನೋ ಕೇಳುತ್ತಲೇ ಇದ್ದರು, ನಮಗೆ ತಿಳಿಯಲಿಲ್ಲ ಎಂದು ನರ್ಸ್ ಹೇಳಿದಳು. ನಾನು ತಲುಪುವಷ್ಟರಲ್ಲಿ ಮುಗಿದಿತ್ತು.

ವರ್ಷದ ನಂತರ ಆ ಶಾಖೆಗೆ ರಾಯಚೂರಿನ ಸುಮಿತ್ರ ಸೇರಿದಳು. ಕನ್ನಡದ ರೋಗಿಗಳನ್ನು ಅವರ ಭಾಷೆಯಲ್ಲೇ ಮರುತಪಾಸಣೆಗೆ ಕರೆಯುವುದು ಅವಳ ಕೆಲಸ. ಅವಳಿಗಾಗಿ ಪಟ್ಟಿ ತೆಗೆದೆ. ಶಾಖೆ ವಿಜಯವಾಡ, ಭಾಷೆ ಕನ್ನಡ, ಮರಣದ ದಿನಾಂಕ ಖಾಲಿ, ಮೂರೂ ಹೊಂದಬೇಕು. ನಲವತ್ತೊಂದು ಸಾಲು ಬಂದವು. ಹೆಸರು ನೋಡದೆ ಕಳುಹಿಸಿದೆ.

ಮಧ್ಯಾಹ್ನ ಸುಮಿತ್ರ ಆಫೀಸಿನ ಲೈನಿಗೆ ಫೋನ್ ಮಾಡಿದಳು. “ಎಲ್ಲಾರಿಗೂ ಹೇಳೀನ್ರಿ ಮೇಡಂ. ಕಡೀ ನಂಬರಿನ್ಯಾಗ ಒಬ್ರು ಅಮ್ಮಾರು, ಅಲ್ಲಿ ಕನ್ನಡ ಬರೋರು ಯಾರರ ಅದಾರೇನು ಅಂತ ಕೇಳಿದ್ರು. ನಾ ಅದೀನ್ರಿ, ಬರ್ರಿ ಅಂದೆ. ಹಂಗಾದ್ರ ಗುರುವಾರ ಬರ್ತೀನಿ ಅಂದ್ರು.”

ಪಟ್ಟಿ ತೆರೆದೆ. ಕಡೆಯ ಸಾಲಿನಲ್ಲಿ ಅಕ್ಕನ ಹೆಸರು, ನನ್ನ ನಂಬರ್. ನನ್ನ ಮೊಬೈಲ್ ಬೆಳಗಿನಿಂದ ಮೇಜಿನ ಮೇಲೇ ಇತ್ತು. ಅದಕ್ಕೆ ಯಾವ ಕರೆಯೂ ಬಂದಿರಲಿಲ್ಲ. ಮೂಲ ದಾಖಲೆಯಲ್ಲಿ ಭಾಷೆ ತೆಲುಗು ಎಂದೇ ಇತ್ತು, ಮರಣದ ದಿನಾಂಕವೂ ಇತ್ತು. ಯಾರೂ ಏನನ್ನೂ ತಿದ್ದಿರಲಿಲ್ಲ. ಅದೇ ಷರತ್ತನ್ನು ಮತ್ತೆ ಓಡಿಸಿದೆ. ನಲವತ್ತೇ ಸಾಲು.

ಹುಚ್ಚು ಎಂದು ಗೊತ್ತಿದ್ದೂ ಬುಧವಾರ ವಿಜಯವಾಡದ ರೈಲು ಹತ್ತಿದೆ. ಗುರುವಾರ ಸುಮಿತ್ರಳ ಕೌಂಟರ್ ತೆರೆಯುವ ಮೊದಲೇ ಅದರೆದುರಿನ ಬೆಂಚಿನಲ್ಲಿ ಕುಳಿತೆ. ಬಾಗಿಲಲ್ಲಿ ಅಕ್ಕ ಉಡುತ್ತಿದ್ದಂಥ ಹತ್ತಿ ಸೀರೆ ಕಂಡಾಗಲೆಲ್ಲ ತಲೆಯೆತ್ತಿದೆ. ಯಾರೂ ಬರಲಿಲ್ಲ.

ಆ ಪಟ್ಟಿ ಈಗಲೂ ನನ್ನ ಬಳಿಯಿದೆ. ತಿಳಿದವರಿಗೆಲ್ಲ ತೋರಿಸಿದ್ದೇನೆ, ಕಾರಣ ಯಾರಿಗೂ ಸಿಕ್ಕಿಲ್ಲ. ನನಗೂ ಸಿಕ್ಕಿಲ್ಲ. ಆ ಗುರುವಾರ ಸಂಜೆ ನೆಲ ಒರೆಸುತ್ತಿದ್ದ ಹೆಂಗಸು, ಯಾರಿಗಾಗಿ ಕಾಯುತ್ತಿದ್ದೀರಮ್ಮಾ ಎಂದು ತೆಲುಗಿನಲ್ಲಿ ಕೇಳಿದಳು. “ಅಕ್ಕ ಬರಬೇಕು” ಎಂದು ಕನ್ನಡದಲ್ಲೇ ಹೇಳಿಬಿಟ್ಟೆ. ಅವಳು ತಲೆಯಾಡಿಸಿ, ನನ್ನ ಕಾಲಬುಡವನ್ನಷ್ಟೇ ಬಿಟ್ಟು ಉಳಿದ ನೆಲ ಒರೆಸಿಕೊಂಡು ಹೋದಳು.