ಬಾಂಡ್ ಪೇಪರಿನಲ್ಲಿ ಬಿಟ್ಟುಕೊಟ್ಟ ಮೊಮ್ಮಗಳು

ಮನುಷ್ಯನಿಗೆ ಯಾರ ಅಪ್ಪಣೆಯೂ ಇಲ್ಲದೆ ಸಿಗುವ ಏಕೈಕ ಪದವಿಯೆಂದರೆ ಅಜ್ಜನಾಗುವುದು. ನಾನಂತೂ ಅದಕ್ಕೆ ನೋಟರಿಯ ಎದುರು ಮುಂಚಿತವಾಗಿಯೇ ರಾಜೀನಾಮೆ ಕೊಟ್ಟಿದ್ದೆ.

ನನ್ನ ಮಗ ರಾಣೆಬೆನ್ನೂರಿನ ಹುಡುಗಿಯೊಡನೆ ಲಗ್ನವಿಲ್ಲದೆ ಸಂಸಾರ ಹೂಡಿದ್ದ. ಅವಳು ಬಸುರಿ ಎಂದು ತಿಳಿದದ್ದೇ ನಮ್ಮೂರು ಬ್ಯಾಡಗಿಯ ಮಂದಿಗೆ ಹೆದರಿ, ಹುಟ್ಟುವ ಕೂಸಿಗೂ ನಮ್ಮ ಮನೆತನಕ್ಕೂ ಸಂಬಂಧವಿಲ್ಲವೆಂದು ಬಾಂಡ್ ಪೇಪರಿನಲ್ಲಿ ಬರೆಸಿ, ಸಹಿ ಮಾಡಿ, ಅವಳ ತಾಯಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಕಾಗದಪತ್ರದಲ್ಲಿ ನಾನು ಬಹಳ ಶಿಸ್ತಿನವನು.

ಕೂಸಿಗೆ ಎರಡು ತುಂಬುವ ಹೊತ್ತಿಗೆ ಮಗನೂ ಅವಳೂ ಬೇರೆಯಾದರು; ಅವಳು ಕೂಸಿನೊಡನೆ ತವರು ಸೇರಿದಳು. ನನ್ನಾಕೆ ಮೊಮ್ಮಗಳಿಗೆಂದು ಕಾಲ್ಗೆಜ್ಜೆ ಮಾಡಿಸಿ, ನನ್ನನ್ನು ರಾಣೆಬೆನ್ನೂರಿಗೆ ಎಳೆದುಕೊಂಡು ಹೋದಳು. ಹುಡುಗಿಯ ತಾಯಿ ಬಾಗಿಲಿಗೆ ಅಡ್ಡ ನಿಂತಳು.

"ಬೀಗರ, ಕೂಸನ್ನ ಒಮ್ಮೆ ತೋರಸ್ರಿ," ಎಂದೆ.

"ಯಾರಿಗೆ ಯಾರು ಬೀಗರು? ನಿಮ್ಮ ಕಾಗದ ಒಳಗ ಐತಿ, ಓದಿ ಹೇಳ್ಲೇನು?"

"ತಪ್ಪಾತ್ರಿ," ಎಂದಳು ನನ್ನಾಕೆ. "ಅಂಗಳದಾಗ ನಿಂತ ನೋಡಿ ಹೋಗ್ತೇವಿ."

"ಕೈಹಾಕಿ ನೋಡಿ ಹೋಗಾಕ ಇದೇನು ನಿಮ್ಮ ಬ್ಯಾಡಗಿ ಮೆಣಸಿನಕಾಯಿ ಚೀಲ ಅಲ್ರಿ. ನಡೀರಿ."

ಹಾವೇರಿಯ ವಕೀಲರು ನಮ್ಮನ್ನು ಕೂರಿಸಿ ತಿಳಿಸಿ ಹೇಳಿದರು: "ಲಗ್ನ ಆಗದವರ ಕೂಸಿಗೆ ಮೊದಲ ಪೋಷಕಿ ತಾಯೀನ. ಅಜ್ಜ-ಅಜ್ಜಿಗೆ ತಾನಾಗಿ ಬರೋ ಹಕ್ಕಿಲ್ಲ. ಕೂಸಿನ ಹಿತಕ್ಕ ಛಲೋ ಅಂತ ಕೋರ್ಟಿಗೆ ಅನಿಸಿದ್ರ ಭೇಟಿ ಸಿಗಬಹುದು."

ಅರ್ಜಿ ಹಾಕಿದೆವು. ಎದುರು ಪಕ್ಷದವರು ನನ್ನ ಬಾಂಡನ್ನೇ ಹಾಜರುಪಡಿಸಿದರು. ಸಹಿ ನಿಮ್ಮದೇ ಏನು ಎಂದು ನ್ಯಾಯಾಧೀಶರು ಕೇಳಿದರು. ನನ್ನದೇ ಎಂದೆ. ಎರಡು ವರ್ಷ ದಾಟಿದ್ದರೂ ಶಾಯಿ ಸ್ವಲ್ಪವೂ ಮಾಸಿರಲಿಲ್ಲ.

ಅರ್ಜಿ ವಜಾ ಆಯಿತು. ಮೊಮ್ಮಗಳನ್ನು ನಾವು ಈವರೆಗೆ ನೋಡಿಲ್ಲ.