ನಮ್ಮಕ್ಕ ಶ್ರೀಮತಿಯಾದ ದಿನ

ನಾನು ಅಜ್ಜಿಯಾದೆ! (ಹೋದ ವಾರವೂ ಇದನ್ನೇ ಬರೆದಿದ್ದೆ, ಗೊತ್ತು. ಇನ್ನೂ ನಾಲ್ಕು ವಾರ ಬರೆಯುತ್ತೇನೆ, ಸಹಿಸಿಕೊಳ್ಳಿ.)

ಮಗಳು ರೂಪಾಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಕೂಸು. ಅದು ಆಕಳಿಸಿದರೆ ನನಗೆ ಹಬ್ಬ, ಸೀನಿದರೆ ಜಾತ್ರೆ. ನಾಮಕರಣದ ಕಾರ್ಡು ಮಾಡಿಸಲು ಮಧುಗಿರಿಯ ಪ್ರೆಸ್ಸಿಗೆ ನಾನೇ ಓಡಿದೆ. ನಾಲ್ಕನೇ ಕ್ಲಾಸು ಓದಿದವಳಿಗೆ ಇಷ್ಟು ಧೈರ್ಯ ಸಾಲದೇ?

'ಸುಖಾಗಮನ ಬಯಸುವವರು' ಎಂಬಲ್ಲಿಗೆ ಬಂದಾಗ ಮೊದಲು ಬರೆಸಿದ್ದು ನಮ್ಮಕ್ಕ ಸಿದ್ದಗಂಗಮ್ಮನ ಹೆಸರು. ನಾನು ಹೊಲಕ್ಕೆ ಹೋದರೆ ರೂಪಾಳನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ.

ಪ್ರೆಸ್ಸಿನವನ ಕೈ ನಿಂತಿತು. "ಇವರ ಯಜಮಾನ್ರ ಹೆಸರು?"

"ಅವ್ಳು ಮದ್ವೆ ಆಗಿಲ್ಲ ಕಣಪ್ಪ."

"ಅಂಗಾದ್ರೆ ಕುಮಾರಿ ಅಂತ ಹಾಕ್ಲಾ?"

"ಎಪ್ಪತ್ತೆರಡು ವರ್ಷ ಅವ್ಳಿಗೆ! ಜನ ನಗಲ್ವಾ? ಬರೀ ಹೆಸರು ಹಾಕು."

"ಎಲ್ರಿಗೂ ಹಾಕಿ ಇವ್ರೊಬ್ರಿಗೆ ಬುಟ್ರೆ ಮರ್ಯಾದೆ ಕೊಟ್ಟಿಲ್ಲ ಅಂತಾರೆ ಕಣಮ್ಮ. ಶ್ರೀಮತಿ ಅಂತ ಹಾಕ್ಬುಡ್ತೀನಿ. ಈ ವಯಸ್ಸಲ್ಲಿ ಯಾರು ಕೇಳ್ತಾರೆ?"

ಅದೇ ಕಾರ್ಡಿನಲ್ಲಿ ನನ್ನ ಮೈದುನನೂ ಇದ್ದಾನೆ. ಅವನಿಗೂ ಮದುವೆಯಿಲ್ಲ. ಅವನಿಗೆ 'ಶ್ರೀ' ಹಾಕಲು ಪ್ರೆಸ್ಸಿನವನು ಒಂದು ಮಾತೂ ಕೇಳಲಿಲ್ಲ. ಗಂಡಸು ನೋಡಿ!

ನನಗೋ ಖುಷಿಯ ಅಮಲು. "ಹಾಕಪ್ಪ" ಅಂದುಬಿಟ್ಟೆ.

ಅಮ್ಮ ತೀರಿಕೊಂಡಾಗ ಅಕ್ಕನಿಗೆ ಹದಿನೇಳು. ವೈ.ಎನ್.ಹೊಸಕೋಟೆಯ ಗಂಡು ಗೊತ್ತಾಗಿತ್ತು. "ಚಿಕ್ಕವರು ಒಂದು ಹದಕ್ಕೆ ಬರಲಿ" ಅಂದಳು ಅಕ್ಕ. ಆತ ಎರಡು ವರ್ಷ ಕಾದನಂತೆ. ಅಷ್ಟರಲ್ಲಿ ನಾವು ಹದಕ್ಕೆ ಬರಲಿಲ್ಲ. ಅಷ್ಟೇ ಕಥೆ. ಆ ಮಾತನ್ನು ಅವಳು ಮತ್ತೆ ಎತ್ತಲಿಲ್ಲ, ನಾವು ಕೇಳಲಿಲ್ಲ.

ಕಾರ್ಡಿನ ಕಟ್ಟು ತಂದಾಗ ಅಕ್ಕ ಹರಳೆಣ್ಣೆ ದೀಪದ ಕಪ್ಪು ಹಿಡಿದು ಕೂಸಿಗೆ ಕಾಡಿಗೆ ಮಾಡುತ್ತಿದ್ದಳು. ಕಾರ್ಡು ತೆಗೆದುಕೊಂಡು ಅಕ್ಷರ ಕೂಡಿಸಿ ಓದಿದಳು. ಶ್ರೀ... ಮ... ತಿ... ಅಲ್ಲೇ ನಿಂತಳು.

"ಇವ್ಳು ಯಾರೇ?"

"ನೀನೇ ಕಣಕ್ಕ."

"ನಾನಲ್ಲ ಬುಡು. ಇವ್ಳು ಹೆಂಗಿರ್ತಿದ್ಳು ಅಂತ ನಾನೂ ಎಷ್ಟೋ ಸಲ ಯೋಚ್ನೆ ಮಾಡಿದೀನಿ." ಆಮೇಲೆ ನಕ್ಕಳು. "ಇವ್ಳಿಗೆ ನಿನ್ ಮಗಳ ಮೂಗು ಒರೆಸೋಕೆ ಪುರುಸೊತ್ತು ಎಲ್ಲಿರ್ತಿತ್ತೇ?"

ಹಾಗಂದವಳೇ ಬೆರಳನ್ನು ಕಾಡಿಗೆಯಲ್ಲಿ ಅದ್ದಿ 'ಶ್ರೀಮತಿ' ಮೇಲೆ ಒತ್ತಿದಳು.

"ಅಯ್ಯೋ, ಕಾರ್ಡು ಹಾಳಾಯ್ತಲ್ಲಕ್ಕ!"

"ಸುಳ್ಳು ಹೇಳಿ ಮಗೀನ ತೊಟ್ಲಿಗೆ ಹಾಕ್ತೀರೇನೇ? ಯಾರಾನಾ ಕೇಳಿದ್ರೆ ದೃಷ್ಟಿಬೊಟ್ಟು ಅನ್ನು."

ರೂಪಾ ಬಾಣಂತಿ ಕೋಣೆಯಿಂದಲೇ ಕೂಗಿದಳು: "ದೊಡ್ಡಮ್ಮ, ಮಗೂಗೂ ಸ್ವಲ್ಪ ಉಳ್ಸು ಕಾಡಿಗೆ!"

ಅಕ್ಕ ಇಡೀ ಮಧ್ಯಾಹ್ನ ಕೂತು ಒಂದೊಂದೇ ಕಾರ್ಡಿಗೆ ಬೊಟ್ಟಿಟ್ಟಳು. ಕಾರ್ಡು ಶಿರಾಕ್ಕೂ ಹೋಯಿತು, ಕೊರಟಗೆರೆಗೂ ಹೋಯಿತು. ಬೊಟ್ಟು ಯಾಕೆಂದು ಒಬ್ಬರೂ ಕೇಳಲಿಲ್ಲ. ನಾಮಕರಣದ ದಿನ "ಐದು ಜನ ಮುತ್ತೈದೆಯರು ಬನ್ನಿ" ಎಂದು ಯಾರೋ ಕೂಗುವ ಮೊದಲೇ ರೂಪಾ ಎದ್ದುಹೋಗಿ ಕೂಸನ್ನು ಅಕ್ಕನ ಕೈಗಿಟ್ಟಳು. ಅಕ್ಕನೇ ತೊಟ್ಟಿಲಿಗೆ ಹಾಕಿದಳು. ನನ್ನ ಕಣ್ಣು ತುಂಬಿತು.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ನಿನ್ನೆ ಕೂಸಿಗೆ ಹಾಸಲು ಹಳೇ ಸೀರೆ ಹುಡುಕುತ್ತಾ ಅಕ್ಕನ ಟ್ರಂಕು ತೆಗೆದೆ. ಸೀರೆಯ ಮಡಿಕೆಯಲ್ಲಿ ಒಂದು ಕಾರ್ಡು. ಅದಕ್ಕೆ ಮಾತ್ರ ಬೊಟ್ಟಿರಲಿಲ್ಲ. 'ಶ್ರೀಮತಿ ಸಿದ್ದಗಂಗಮ್ಮ' ಅಚ್ಚುಕಟ್ಟಾಗಿ ಹಾಗೇ ಇತ್ತು.

ಸದ್ದಿಲ್ಲದೆ ಮಡಿಚಿ ಮೊದಲಿದ್ದ ಕಡೆಯೇ ಇಟ್ಟೆ.

ಆ ಒಂದು ಕಾರ್ಡನ್ನು ಯಾರನ್ನು ಕರೆಯಲೆಂದು ಉಳಿಸಿಕೊಂಡಳು ನಮ್ಮಕ್ಕ?