ಅಜ್ಜಿಯ ಬೆರಳಿಗೆ ಸಿಕ್ಕ ಗಂಟು

ಹೊಸ ಬಣ್ಣ ಬಳಿದು ಕನ್ನಡಿಯಂತೆ ಹೊಳೆಯುತ್ತಿದ್ದ ನನ್ನ ಕಾರಿನ ಬಾನೆಟ್ಟನ್ನು ಪೋತ್ತನೂರಿನ ಪೇಂಟರ್ ರಂಗಸಾಮಿ ಸ್ಯಾಂಡ್‌ಪೇಪರ್ ಹಿಡಿದು ಉಜ್ಜತೊಡಗಿದ. ಸಂಜೆ ಅದರಲ್ಲೇ ಮಗಳನ್ನು ಮದುವೆಮನೆಗೆ ಕರೆದೊಯ್ಯಬೇಕಿತ್ತು.

ಕಾರಣ ಅವನ ತಾಯಿ. ನಲವತ್ತು ವರ್ಷ ಕೈಮಗ್ಗದ ಮುಂದೆ ಕೂತು ಈಗ ಕಣ್ಣು ಮಂಜಾದ ಅಜ್ಜಿ. ಅವರು ಸವರಿ ನೋಡದೆ ಯಾವ ಕಾರೂ ಆ ಶೆಡ್ಡು ಬಿಟ್ಟು ಹೋಗುವುದಿಲ್ಲವಂತೆ. ಬಾನೆಟ್ಟಿನ ಮೇಲೆ ಬೆರಳಾಡಿಸುತ್ತ ಬಂದವರು ಒಂದು ಕಡೆ ನಿಂತು, “ರಂಗಾ, ಇಲ್ಲೊಂದು ಗಂಟು ಅದೆ ನೋಡು” ಎಂದಿದ್ದರು. ನಾನೆಷ್ಟು ಬಗ್ಗಿ ನೋಡಿದರೂ ಏನೂ ಕಾಣಲಿಲ್ಲ.

“ಇರಲಿ ಬಿಡಿ ಅಮ್ಮ, ಅದ್ಯಾರಿಗೆ ಕಾಣ್ತದೆ?” ಎಂದೆ.

“ಸೀರೆ ಉಟ್ಟೋಳಿಗೂ ಕಾಣಲ್ಲ ಸಾಮಿ. ನೇಯ್ದೋಳಿಗೆ ತಿಳೀತದಲ್ಲ.”

ಬಣ್ಣದ ಮೇಲೆ ಹೊಳಪಿಗೆಂದು ಬಳಿಯುವ ಕ್ಲಿಯರ್ ಕೋಟ್‌ನಲ್ಲಿ ಸಿಕ್ಕಿಕೊಂಡಿದ್ದ ಧೂಳಿನ ಕಣವನ್ನು ರಂಗಸಾಮಿ ಉಜ್ಜಿ ತೆಗೆದ. ಮಂಕಾದ ಜಾಗಕ್ಕೆ ಪಾಲಿಶ್ ಹಚ್ಚಿ ಮಷಿನ್ ಓಡಿಸಿದಾಗ ಹೊಳಪು ಮರಳಿತು. ಅಜ್ಜಿ ಮತ್ತೊಮ್ಮೆ ಸವರಿ ತಲೆಯಾಡಿಸಿದರು.

ಸಂಜೆ ಮಗಳು ಕಾರಿನಿಂದಿಳಿದು ಆ ಬಾನೆಟ್ಟಿನಲ್ಲೇ ಮುಖ ನೋಡಿಕೊಂಡು ಮುಡಿದ ಹೂ ಸರಿಮಾಡಿಕೊಂಡಳು. ಈಗಲೂ ಕಾರು ತೊಳೆಯುವಾಗ ನಾನು ಕಣ್ಣು ಮುಚ್ಚಿ, ಬೆರಳಾಡಿಸಿ ಆ ಜಾಗ ಹುಡುಕುತ್ತೇನೆ. ಇನ್ನೂ ಸಿಕ್ಕಿಲ್ಲ.